ಹುಲಗೂರಿನ ದಿಲ್ಶಾದ ಬರೆದ ಹನ್ನೊಂದು ಸಾಲು

ಬೆಳಗಿನ ಆರೂಕಾಲು. ಹಾನಗಲ್ಲಿನ ಡಿಪ್ಲೊಮಾ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಬೀಗ ತೆಗೆದು ಮಂಜುಳಾ ಕಡೇಮನಿ ಒಳಗೆ ಹೋಗುತ್ತಾರೆ. ಕಿಟಕಿ ತೆರೆದು, ಎಂಟು ಕಂಪ್ಯೂಟರುಗಳನ್ನು ಒಂದೊಂದಾಗಿ ಚಾಲೂ ಮಾಡಿ, ಒಂಬತ್ತನೆಯದರ ಮುಂದೆ ಕುಳಿತು ಒಂದೇ ಒಂದು ಸಾಲು ಟೈಪ್ ಮಾಡುತ್ತಾರೆ. ಸ್ವಲ್ಪ ಹೊತ್ತಿಗೆ ಎಂಟೂ ಯಂತ್ರಗಳ ಫ್ಯಾನು ಜೋರಾಗಿ ತಿರುಗತೊಡಗಿ ಕೋಣೆ ಬೆಚ್ಚಗಾಗುತ್ತದೆ. "ಕುಂತ್ರಿ. ಇನ್ನ ಎರಡು ತಾಸು ಬ್ಯಾರೆ ಏನೂ ಕೆಲಸಿಲ್ಲ, ಓದೂದೊಂದ," ಎನ್ನುತ್ತಾರೆ. ಪೇಪರಿಗೆ ಬರೆಯಲೆಂದು ಚಿಕ್ಕೇರೂರಿನಿಂದ ಮೊದಲ ಬಸ್ಸಿಗೆ ಅವರೊಂದಿಗೆ ಬಂದಿರುವ ನನಗೆ ನಿದ್ದೆಯೇ ಪೂರ್ತಿ ಹರಿದಿಲ್ಲ. ಮೂವತ್ತೊಂದು ವರ್ಷದ ಈ ಲ್ಯಾಬ್ ಅಸಿಸ್ಟಂಟ್‌ಗೆ ಇದು ದಿನನಿತ್ಯದ ಪಾಡು.

ಇವರು ಇಷ್ಟು ಬೇಗ ಬಂದು ಮಾಡುವುದೇನು ಎಂದು ಕಾಲೇಜಿನ ಸಿಪಾಯಿ ಬೀರಪ್ಪನವರನ್ನು ಕೇಳಿದರೆ ಉತ್ತರ ಸಿದ್ಧವಾಗಿದೆ: "ಮೇಡಂ ದಿನಾ ಮುಂಜಾನೆ ಕಂಪ್ಯೂಟರ್ ಕಾಸಾಕ ಬರ್ತಾರ್ರಿ." ಮಂಜುಳಾ ಅವರ ತಾಯಿ ಸಾವಂತ್ರವ್ವನ ಮಾತು ಇನ್ನೂ ಖಾರ: "ಮಂದಿ ಬರದದ್ರಾಗ ತಪ್ಪ ಹುಡುಕತಾಳಂತ್ರಿ. ಮನ್ಯಾಗ ನನ್ನ ತಪ್ಪ ಹುಡುಕಿದ್ದು ಸಾಲಲಿಲ್ಲ ಅಕಿಗೆ." ಇಬ್ಬರು ಹೇಳುವುದೂ ಸುಳ್ಳಲ್ಲ.

ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಯಾವ ದೇಶದವರಾದರೂ ಓದಿ, ತಿದ್ದಿ ಕಳಿಸಬಹುದಾದ ಅಂಥದೊಂದು ಕರ್ನಲ್ಲನ್ನು ಮಂಜುಳಾ ದಿನವೂ ಈ ಹಳೆಯ ಯಂತ್ರಗಳಲ್ಲಿ ಕಟ್ಟುತ್ತಾರೆ. ಬರೆದ ಕೋಡನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಅಲ್ಲಲ್ಲಿ ತಕರಾರು ತೆಗೆಯುತ್ತದೆ. ಮಂಜುಳಾ ಬೆನ್ನು ಹತ್ತಿರುವುದು ಅಂಥ ಒಂದೇ ತಕರಾರನ್ನು. 'ಈ ಸಾಲಿಗೆ ಸರದಿ ಎಂದೂ ಬರುವುದಿಲ್ಲ' ಎಂಬುದು ಅದರ ಸಾರ. ನಾನು ಕಣ್ಣು ಕಣ್ಣು ಬಿಡುವುದನ್ನು ನೋಡಿ ಅವರಿಗೆ ಪಾಪ ಅನ್ನಿಸುತ್ತದೆ. "ಬಸ್ಸಿನ ಬೋರ್ಡಿನ ಮ್ಯಾಲೆ ನಿಮ್ಮೂರ ಹೆಸರ ಐತಿ ಅಂತ ತಿಳ್ಕೊರ್ರಿ. ಡ್ರೈವರ್ ಅದಕ್ಕೂ ಮೊದಲಿನ ಕ್ರಾಸಿಗೇ ಗಾಡಿ ಹೊಳ್ಳಿಸ್ತಾನ. ಊರೂ ಐತಿ, ದಾರೀನೂ ಐತಿ, ಬಸ್ಸೊಂದ ಹೋಗಂಗಿಲ್ಲ. ಹಂಗ್ರಿ ಇದು."

ಇವತ್ತು ಬಂದ ತಕರಾರುಗಳು ಮೂವತ್ತೊಂದು. ಹತ್ತರಲ್ಲಿ ಏಳು ಸಾಲುಗಳನ್ನು ಬೇರೆ ಬಗೆಯ ಯಂತ್ರಗಳಿಗಾಗಿ ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ. ಎರಡು, ಕೆಲಸ ಮುಗಿದ ಮೇಲೆ ಅಳಿಸಲು ಮರೆತವು. ಉಳಿದ ಒಂದು ಮಾತ್ರ ನಿಜವಾದ ತಪ್ಪು. ಆ ಒಂದಕ್ಕಾಗಿ ಒಂಬತ್ತು ವರ್ಷದಲ್ಲಿ ಇವರು ಕಳಿಸಿದ ತಿದ್ದುಪಡಿ ಇನ್ನೂರ ಹನ್ನೆರಡು, ಸ್ವೀಕಾರವಾದದ್ದು ನೂರಾ ನಲವತ್ತು. ನಡುವೆ ಕರೆಂಟು ಹೋದರೆ ಆ ದಿನದ ಕೆಲಸ ಮಣ್ಣುಪಾಲು. ಒಂಬತ್ತಕ್ಕೆ ವಿದ್ಯಾರ್ಥಿಗಳು ಬರುವಷ್ಟರಲ್ಲಿ ಯಂತ್ರಗಳೆಲ್ಲ ಏನೂ ಅರಿಯದವರಂತೆ ಸುಮ್ಮನಾಗಿರಬೇಕು. ಇದಕ್ಕೆ ಪಗಾರವಿಲ್ಲ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಒಂದು ಶಾಬಾಸ್ ಕೂಡ ಇಲ್ಲ.

"ಅಳಸೂದು ಸಲೀಸ್ರಿ," ಎನ್ನುತ್ತಾರೆ ಮಂಜುಳಾ. "ಯಾರ ಬರದ್ರು, ಯಾಕ ಬರದ್ರು, ನಡುವ ಬಸ್ ಹೊಳ್ಳಿಸಿದವ್ರ ಯಾರು, ಇಷ್ಟ ತಿಳೀದ ನಾ ಒಂದ ಅಕ್ಷರ ಮುಟ್ಟಂಗಿಲ್ಲ." ಈ ಶಿಸ್ತು ಯಾರಿಂದ ಬಂತು ಎಂದು ಕೇಳುತ್ತೇನೆ.

"ದಿಲ್ಶಾದ ಅಂತ್ರಿ. ಹುಲಗೂರಿನಾಕಿ. ಹಾಸ್ಟೆಲ್ಲಿನಾಗ ನಮ್ಮಿಬ್ಬರದೂ ಒಂದ ರೂಮು."

ಎಂಜಿನಿಯರಿಂಗ್ ಓದುವಾಗ ಕರ್ನಲ್ಲಿನ ಹುಚ್ಚು ಹಿಡಿಸಿದವಳು ದಿಲ್ಶಾದ. ಲಸಿಕೆ ಇಡುವ ತಂಪು ಪೆಟ್ಟಿಗೆಯ ಉಷ್ಣಾಂಶ ಅಳೆಯುವ ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪೊಂದಕ್ಕೆ ಅವಳು ಕೊನೆಯ ವರ್ಷದಲ್ಲಿ ಬರೆದ ಕೋಡು ಕರ್ನಲ್ಲಿಗೆ ಸೇರಿತು. ಅದರಲ್ಲಿ ಹನ್ನೊಂದು ಸಾಲು ಅವಳಿಗೆ ಬಲು ಅಚ್ಚುಮೆಚ್ಚು: ಚಿಪ್ಪು ಉತ್ತರ ಕೊಡದಿದ್ದರೆ ಬಿಟ್ಟುಬಿಡಬೇಡ, ತುಸು ತಡೆದು ಮತ್ತೆ ಕೇಳು, ಮೂರು ಸಲ ಕೇಳು. "ಆಕಿ ಇದ್ದದ್ದೂ ಹಂಗ. ಉಂಡ್ಯಾ ಅಂತ ಒಮ್ಮೆ ಕೇಳಿ ಬಿಡಾಕಿ ಅಲ್ಲ," ಎಂದು ಮಂಜುಳಾ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಗೆಳತಿಯ ಹೆಸರು ಜಗತ್ತೇ ಓದುವ ದಾಖಲೆಯಲ್ಲಿ ಬಂತು, ತನ್ನದು ಬರಲಿಲ್ಲ. "ಹೊಟ್ಟಿಕಿಚ್ಚ ಅನ್ರಿ, ನಾ ಇಲ್ಲ ಅನ್ನಂಗಿಲ್ಲ." ನಾಲ್ಕು ತಿಂಗಳ ನಂತರ ಮಂಜುಳಾ ತಮಗೆ ಗೊತ್ತಿದ್ದ ಏಕೈಕ ಫೈಲನ್ನು, ಅಂದರೆ ದಿಲ್ಶಾದಳದನ್ನೇ, ಓರಣ ಮಾಡುವ ನೆಪದಲ್ಲಿ ಒಂದು ತಿದ್ದುಪಡಿ ಬರೆದರು. ಎರಡು ದಿನ ತಡಿ, ನೋಡಿ ಹೇಳ್ತೇನಿ ಎಂದಳು ದಿಲ್ಶಾದ. ಇವರು ಅದೇ ಸಂಜೆ ಕಳಿಸಿಬಿಟ್ಟರು. ಮೇಲ್ನೋಟಕ್ಕೆ ಚೊಕ್ಕಟವಾಗಿದ್ದ ಅದು ಸ್ವೀಕಾರವಾಯಿತು. ಛಲೋ ಆತು ಎಂದಷ್ಟೇ ಹೇಳಿದ ದಿಲ್ಶಾದ ಆ ವರ್ಷದ ಕೊನೆಗೆ ಮದುವೆಯಾಗಿ ಸೊಲ್ಲಾಪುರದ ಕಡೆ ಹೋದಳು. ತಂದೆತಾಯಿಯೂ ಹುಲಗೂರು ಬಿಟ್ಟು ಮಗನ ಊರಿಗೆ ಹೊರಟರು. ಆಮೇಲೆ ಅವಳ ನಂಬರಿಗೆ ಫೋನು ಹತ್ತಲಿಲ್ಲ. "ಜಗಳಾ ಆಗಿದ್ರ ರಾಜೀನರ ಆಗಬಹುದಿತ್ರಿ. ಜಗಳಾನ ಆಗಲಿಲ್ಲ," ಎನ್ನುತ್ತಾರೆ.

ಊರೂರಿನ ಕೋಡು ಜಾಲಾಡಿದವರು ಆ ಫೈಲನ್ನು ಮಾತ್ರ ಒಂಬತ್ತು ವರ್ಷ ತೆರೆಯಲಿಲ್ಲ. ಮನಸ್ಸಾಗುತ್ತಿರಲಿಲ್ಲವಂತೆ, ಕರ್ನಲ್ ಕಟ್ಟುವಾಗಲೂ ಅದನ್ನು ಬಿಟ್ಟೇ ಕಟ್ಟುತ್ತಿದ್ದರಂತೆ. ಕಳೆದ ಜನವರಿಯಲ್ಲಿ ಹೊರದೇಶದ ಸ್ವಯಂಸೇವಕನೊಬ್ಬನ ಪತ್ರ ಕರ್ನಲ್ ತಿದ್ದುವವರೆಲ್ಲರ ಇ-ಮೇಲಿಗೆ ಬಂತು: ಈ ಫೈಲಿನ ಹನ್ನೊಂದು ಸಾಲಿಗೆ ಸರದಿಯೇ ಬರುವುದಿಲ್ಲ, ಎರಡು ವಾರದಲ್ಲಿ ಯಾರೂ ಆಕ್ಷೇಪಿಸದಿದ್ದರೆ ಅಳಿಸೋಣ. ಮಂಜುಳಾ ಫೈಲು ತೆರೆದರು. ದಿಲ್ಶಾದಳ ಸಾಲುಗಳು ಇದ್ದಂತೆಯೇ ಇದ್ದವು. ಅವುಗಳ ಮೇಲಿನ ಸಾಲಿನಲ್ಲಿ ಮೊದಲು 'ಉತ್ತರ ಬಂದರೆ ಮಾತ್ರ ವಾಪಸು ಹೋಗು' ಎಂದಿದ್ದದ್ದು ಈಗ ಬರೀ 'ವಾಪಸು ಹೋಗು' ಎಂದಾಗಿತ್ತು. ಯಾವ ಸಾಲನ್ನು ಯಾರು ತಿದ್ದಿದರು ಎಂಬುದನ್ನು ಕರ್ನಲ್ಲಿನ ದಾಖಲೆ ಮರೆಯುವುದಿಲ್ಲ. ಅಲ್ಲಿದ್ದ ಹೆಸರು ಮಂಜುಳಾ ಕಡೇಮನಿ.

"ಕುರ್ಚಿ ಬಿಟ್ಟು ಎದ್ದೆ ನೋಡ್ರಿ. ಓರಣ ಮಾಡಾಕ ಹೋಗಿ ಆಕಿ ದಾರೀನ ಮುಚ್ಚಿದ್ದೆ." ದೊಡ್ಡ ಅನಾಹುತವೇನೂ ಆಗಿರಲಿಲ್ಲ, ಆ ಚಿಪ್ಪನ್ನು ಬಳಸುವವರು ಕಡಿಮೆ. ಸುಮ್ಮನಿದ್ದಿದ್ದರೆ ಹನ್ನೊಂದು ಸಾಲು ಅಳಿದು, ಅದರೊಂದಿಗೆ ಇವರ ತಪ್ಪೂ ಮುಚ್ಚಿಹೋಗುತ್ತಿತ್ತು. ಇವರು ಸುಮ್ಮನಿರಲಿಲ್ಲ. ದಿಲ್ಶಾದಳೇ ಕೊಟ್ಟಿದ್ದ ಹಳೆಯ ಚಿಪ್ಪನ್ನು ಟ್ರಂಕಿನಿಂದ ತೆಗೆದು, ಐಸ್ ನೀರು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ತಾಗಿಸಿ, ವಯರನ್ನು ಬೇಕೆಂದೇ ಸಡಿಲ ಮಾಡಿದರು. ಹಳೆಯ ಸಾಲನ್ನು ಮರಳಿ ಹಾಕಿ ಓಡಿಸಿದರು. ಮೊದಲ ಸಲ ಉತ್ತರವಿಲ್ಲ. ಎರಡನೇ ಸಲವೂ ಇಲ್ಲ. ವಯರು ಒತ್ತಿ ಹಿಡಿದಾಗ, ಮೂರನೇ ಸಲಕ್ಕೆ, ಎರಡು ಡಿಗ್ರಿ ಎಂದು ಬಂತು. ಒಬ್ಬರೇ ಕುಳಿತು ಅತ್ತೆ ಎಂದು ಹೇಳಿಕೊಳ್ಳಲು ಅವರಿಗೆ ಸಂಕೋಚವಿಲ್ಲ.

ತಿದ್ದುಪಡಿಯ ಜೊತೆ ಪತ್ರ ಬರೆದರು. ಮೂಲ ಲೇಖಕಿಯ ಕೋಡು ಸರಿಯಿತ್ತು, ಕೆಡಿಸಿದ್ದು ನಾನು ಎಂದು ಸಾವಿರಾರು ಜನ ಓದುವ ಇ-ಮೇಲ್ ಪಟ್ಟಿಗೆ ಕಳಿಸಿದರು. ಹೊರದೇಶದವನು ತನ್ನ ಪ್ರಸ್ತಾವ ಹಿಂತೆಗೆದುಕೊಂಡ. ಹನ್ನೊಂದು ಸಾಲು ಉಳಿದವು, ಈಗ ಓಡುತ್ತಲೂ ಇವೆ. ಮೂಲ ಲೇಖಕರಿಗೊಂದು ಪ್ರತಿ ಹೋಗಬೇಕೆಂಬುದು ರೂಢಿಯಾದ್ದರಿಂದ ದಿಲ್ಶಾದಳ ಹಳೆಯ ಇ-ಮೇಲಿಗೂ ಅದು ಹೋಯಿತು. ವಿಳಾಸ ಇಲ್ಲವೆಂದು ವಾಪಸು ಬರಲಿಲ್ಲ. ಉತ್ತರವೂ ಬರಲಿಲ್ಲ.

"ಆಕಿಗೆ ಅವತ್ತ ಗೊತ್ತಾಗಿರಬೇಕ್ರಿ," ಎನ್ನುತ್ತಾರೆ ಮಂಜುಳಾ, ಪರದೆಯಿಂದ ಕಣ್ಣು ಕೀಳದೆ. "ಅಷ್ಟ ಸಣ್ಣದು ಆಕಿ ಕಣ್ಣ ತಪ್ಪತಿರಲಿಲ್ಲ. ದಾಖಲ್ಯಾಗ ನನ್ನ ಹೆಸರ ಬಂದದ್ದ ಅದ ಮೊದಲ, ಅದಕ್ಕ ಸುಮ್ಮನ ಆಗ್ಯಾಳ. ಅದನ್ನ ನೆನಸಿದ್ರ ಊಟ ಸೇರಂಗಿಲ್ಲ."

ಲೇಖನದ ಜೊತೆ ಹಾಕಲು ಒಂದು ಫೋಟೊ ಬೇಕಿತ್ತು. ಮೊಬೈಲು ಎತ್ತಿದರೆ ಕೈ ಅಡ್ಡ ಹಿಡಿಯುತ್ತಾರೆ. "ನನ್ನ ಮಾರಿ ಹಾಕಿ ಏನ್ ಮಾಡ್ತೀರಿ? ನಿಮ್ಮ ಪೇಪರ್ ಸೊಲ್ಲಾಪುರಕ್ಕ ಹೋಗತೈತೇನ್ರಿ?"

ಒಂದೆರಡು ಕಟ್ಟು ಹೋಗುತ್ತವೆ ಎನ್ನುತ್ತೇನೆ.

"ಹಂಗಾರ ಫೋಟೊದ ಜಾಗಾದಾಗ ಇಷ್ಟ ಹಾಕ್ರಿ," ಎಂದು ಅವರು ತಾವೇ ಬರೆದುಕೊಡುತ್ತಾರೆ: "ದಿಲ್ಶಾದ, ಇನ್ನೆರಡು ದಿನ ತಡೀಬೇಕಿತ್ತು ನಾ."