ಅತ್ತೆ ಹಗುರಾದದ್ದು

ಅತ್ತೆಯ ಎರಡೂ ಹೆಗಲ ಮೇಲೆ ಒಂದೊಂದು ಕುಳಿ ಇತ್ತು. ಒಳಉಡುಪಿನ ಪಟ್ಟಿ ವರ್ಷಗಟ್ಟಲೆ ಒತ್ತಿ ಮಾಡಿದ ಕುಳಿ. ನನ್ನ ಕಿರುಬೆರಳು ಅದರಲ್ಲಿ ಸರಿಯಾಗಿ ಕೂರುತ್ತಿತ್ತು. ರಜೆಗೆ ಹುನಗುಂದಕ್ಕೆ ಹೋದಾಗ ಅಲ್ಲಿಗೆ ಎಣ್ಣೆ ಹಚ್ಚುವ ಕೆಲಸ ನನ್ನದು.

ಅವರು ನನ್ನ ತಂದೆಯ ಅಕ್ಕ, ಅಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಮೈ ತೆಳ್ಳಗೆ, ಎದೆ ಮಾತ್ರ ಮೈಗೆ ಮೀರಿದ ಭಾರ. ಬೋರ್ಡಿನತ್ತ ತಿರುಗಿ ಬರೆಯುವಾಗಲಷ್ಟೇ ಅವರಿಗೆ ನಿರಾಳ. ಹುಡುಗರತ್ತ ತಿರುಗಿದೊಡನೆ ಪುಸ್ತಕವನ್ನು ಎದೆಗವಚಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಎದೆಯ ಕೆಳಗಿನ ಚರ್ಮ ಬೆವರಿಗೆ ಕೆಂಪಾಗಿ ಬಿರಿಯುತ್ತಿತ್ತು. ಕುತ್ತಿಗೆ ನೋವಿಗೆ ದಿಂಬು ಒಟ್ಟಿಕೊಂಡು ಒರಗಿಯೇ ನಿದ್ದೆ. ಡಾಕ್ಟರು ಗುಳಿಗೆ ಕೊಟ್ಟು, ತೂಕ ಇಳಿಸಿ ಎನ್ನುತ್ತಿದ್ದರು. ಇಳಿಸುವುದಕ್ಕೆ ಬೇರೆಲ್ಲೂ ಮಾಂಸವೇ ಇರಲಿಲ್ಲ.

ಮದುವೆಗೆ ಮೊದಲೇ, ಅತ್ತೆಗೆ ಇಪ್ಪತ್ತನಾಲ್ಕಿದ್ದಾಗ, ಒಬ್ಬ ಲೇಡಿ ಡಾಕ್ಟರು, ಆಪರೇಶನ್ ಮಾಡಿ ಎದೆ ಸಣ್ಣದು ಮಾಡಬಹುದು ಎಂದಿದ್ದರಂತೆ. ಮುಂದೆ ಹಾಲು ಕಡಿಮೆಯಾಗಬಹುದು ಎಂಬುದನ್ನೂ ಮುಚ್ಚಿಟ್ಟಿರಲಿಲ್ಲ. ಅತ್ತೆ ಒಪ್ಪಿದ್ದರು. ಅಜ್ಜಿ ಒಪ್ಪಲಿಲ್ಲ.

"ನಾಳೆ ಕೂಸಿಗೆ ಏನು ಕುಡಸ್ತಿ?"

ತಾಯಿ ಹಾಗೆ ಕೇಳಿದ ಮೇಲೆ ಅತ್ತೆ ಮತ್ತೆ ಮಾತೆತ್ತಲಿಲ್ಲ. ಮದುವೆಯಾಯಿತು. ಕೂಸು ಹುಟ್ಟಲಿಲ್ಲ. ಇಂದಲ್ಲ ನಾಳೆ ಎಂದು ಕಾಯುತ್ತಲೇ ಐವತ್ತು ದಾಟಿತು.

ಕೊನೆಗೆ ಅತ್ತೆಯ ಗಂಡನೇ, ಇನ್ನು ಯಾರ ಸಲುವಾಗಿ ಕಾಯುವುದು ಎಂದು ಆಪರೇಶನ್ನಿಗೆ ಬಾಗಲಕೋಟೆಗೆ ಕರೆದೊಯ್ದರು. ಅಜ್ಜಿ ಬರಲಿಲ್ಲ, ಈ ವಯಸ್ಸಿನಲ್ಲಿ ಚಂದ ಕಾಣುವ ಹುಚ್ಚು ಎಂದು ನೆರೆಹೊರೆಗೆಲ್ಲ ಹೇಳಿದರು. ನಾನು ಜೊತೆಗಿದ್ದೆ. ಎಚ್ಚರವಾದಾಗ ಗಾಯ ಉರಿಯುತ್ತಿದ್ದರೂ ಅತ್ತೆ ನನ್ನ ಕೈ ಹಿಡಿದರು.

"ಉಸರು ಎಷ್ಟ ಹಗುರ ಐತವ್ವ. ನಿಮಗೆಲ್ಲ ದಿನಾ ಹಿಂಗ ಇರತೈತೇನು?"



ಗಾಯ ಮಾಗಿದ ಮೇಲೆ ನಾವಿಬ್ಬರೂ ಶಿವಯೋಗ ಮಂದಿರಕ್ಕೆ ಹೋದೆವು. ಒದ್ದೆ ಸೀರೆ ಮೈಗಂಟುತ್ತದೆಂದು ಹುಡುಗಿಯಾಗಿದ್ದಾಗಿನಿಂದ ಹೊಳೆಗಿಳಿಯದವರು ಅಂದು ಮಲಪ್ರಭೆಯಲ್ಲಿ ಕುತ್ತಿಗೆಮಟ ನಿಂತು ಮುಳುಗು ಹಾಕಿದರು. ದಂಡೆಗೆ ಬಂದು ಸೆರಗು ಹಿಂಡುತ್ತಾ, ಸಿಟ್ಟಿಲ್ಲದೆ, ಇದು ಇಪ್ಪತ್ತನಾಲ್ಕಕ್ಕೇ ಆಗಬೇಕಿತ್ತು ಎಂದರು.

ಆ ಸುಖ ಬಹಳ ಕಾಲ ಉಳಿಯಲಿಲ್ಲ. ಹೋದ ಬೇಸಿಗೆಯಲ್ಲಿ, ನಿವೃತ್ತಿಗೆ ಇನ್ನೂ ವರ್ಷಗಳಿರುವಾಗಲೇ, ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡರು. ಮಣ್ಣಿಗೆ ಬಂದವರಲ್ಲಿ ಕೆಲವರು, ಆ ಆಪರೇಶನ್ನಿನಿಂದಲೇ ಹೀಗಾಯಿತೇನೋ ಎಂದು ಪಿಸುಗುಟ್ಟಿದರು. ಮಗಳ ಪಾದ ಹಿಡಿದು ಕುಳಿತಿದ್ದ ಅಜ್ಜಿ ತಲೆಯೆತ್ತಿದರು.

"ಅದರಿಂದ ಏನೂ ಆಗಿಲ್ರಿ. ತಡಾ ಮಾಡಿದಾಕಿ ನಾ. ಹುಟ್ಟದ ಕೂಸಿನ ಹೊಟ್ಟಿ ಚಿಂತಿ ಮಾಡಿದ್ನಿ, ಹೆತ್ತ ಮಗಳ ನೋವು ನೋಡಲಿಲ್ಲ."

ಆ ಮಾತು ಒಂದು ದಿನ ಮೊದಲು ಬಂದಿದ್ದರೂ ಅತ್ತೆ ಕೇಳಿಸಿಕೊಳ್ಳುತ್ತಿದ್ದರು.