ಆದ್ರೆ ಸಾಹೇಬರು

ಮೆಕ್ಕೆಜೋಳದಿಂದ ವಾಹನದ ಇಂಧನ ತೆಗೆಯುವ ಕಾರ್ಖಾನೆಯ ಮೇಲ್ವಿಚಾರಕರನ್ನು ಎಲ್ಲರೂ 'ಆದ್ರೆ ಸಾಹೇಬರು' ಅಂತಲೇ ಕರೆಯುತ್ತಾರೆ. ನೋಡಲು ಬಂದವರಿಗೆ "ಪೆಟ್ರೋಲಿಗಿಂತ ಹೊಗೆ ಕಮ್ಮಿ ಸ್ವಾಮಿ" ಎಂದು ಎದೆಯುಬ್ಬಿಸಿ ಶುರುಮಾಡಿ, "ಆದ್ರೆ ಜೋಳ ಬೆಳೆಯೋಕೆ ಅಂತ ಗುಡ್ಡದ ಕಾಡೆಲ್ಲ ಬೋಳಾಯ್ತು" ಎಂದು ದನಿ ಇಳಿಸುತ್ತಾರೆ. ಮೋಡ ಕಂಡರೆ ಕೊಳೆನೀರಿನ ಹೊಂಡ ತುಂಬಿ ಹರಿದೀತೆಂದು ಉಣ್ಣುವ ತಟ್ಟೆ ಬಿಟ್ಟು ಓಡುತ್ತಾರೆ. ಬಿಸಿಲೇರಿದರೆ ಕಾರ್ಖಾನೆ ಕೆರೆಯನ್ನೇ ಕುಡಿದು ಮುಗಿಸೀತೆಂದು ಉಗುರು ಕಚ್ಚುತ್ತಾರೆ. "ಇಷ್ಟು ಭಯ ಇದ್ರೆ ಕೆಲಸ ಬಿಟ್ಬಿಡಿ" ಎಂದು ಹೆಂಡತಿ ರೇಗಿದರೆ, "ಬಿಡಬಹುದು ಕಣೇ, ಆದ್ರೆ ನನ್ನ ಜಾಗಕ್ಕೆ ಭಯವೇ ಇಲ್ಲದವನು ಬಂದ್ರೆ?" ಎನ್ನುತ್ತಾರೆ. ಅವರ ಮನೆ ಕಾರ್ಖಾನೆಯ ಬೇಲಿಗೇ ಅಂಟಿಕೊಂಡಿದೆ. ಹಿತ್ತಲ ಬಾವಿಯ ನೀರನ್ನು ದಿನಾ ಮೊದಲು ಕುಡಿಯುವವರು ಅವರೇ. ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಿದ್ದು, ಆಮೇಲಷ್ಟೇ ಮಗಳ ಶಾಲೆಯ ಬಾಟಲಿ ತುಂಬಿಸುತ್ತಾರೆ.