ಬಣ್ಣ ಬಿಟ್ಟ ದಾರ

ಗಜೇಂದ್ರಗಡದಲ್ಲಿ ಹೆಂಗಸರ ಕುಪ್ಪಸ ಹೊಲಿಯುವ ಮಕ್ತುಮಬಿ ಯಾರನ್ನೂ ಸುಲಭಕ್ಕೆ ನಂಬಿದವಳಲ್ಲ. ಹಾಲಿನವನು ನಕ್ಕರೆ ಇವತ್ತು ನೀರು ಹೆಚ್ಚಾಗಿದೆ ಎನ್ನುವಳು. ಗಂಡ ಕಾಶೀಂಸಾಬ ಹೊಗಳಿದರೆ ಏನು ಮುರಿದು ಬಂದಿರಿ ಎಂದು ಕೇಳುವಳು. ಇಂಥವಳು ಕಣ್ಣು ಮುಚ್ಚಿ ನಂಬಿದ್ದು ಒಂದೇ ಒಂದು ಕಂಪನಿಯ ದಾರವನ್ನು. ಅದೇ ಕೈಕೊಟ್ಟಿತು.

೨೦೦೯ರ ಬೇಸಿಗೆ. ಚನ್ನವ್ವನ ಮಗಳ ಮದುವೆಯ ಹಳದಿ ಕುಪ್ಪಸಕ್ಕೆ ಮಕ್ತುಮಬಿ ಕೆಂಪು ದಾರದ ಅಂಚು ಹೊಲಿದಿದ್ದಳು. ಅಕ್ಕಿಕಾಳು ಬೀಳುವ ಹೊತ್ತಿಗೆ ಮದುಮಗಳು ಬೆವರಿ, ಕುತ್ತಿಗೆಯ ಸುತ್ತ ಕೆಂಪು ಇಳಿಯಿತು. "ಸಸ್ತಾ ದಾರ ಹಾಕಿ ಮೋಸ ಮಾಡ್ಯಾಳ," ಎಂದು ಚನ್ನವ್ವ ಹಿಟ್ಟಿನ ಗಿರಣಿಯಲ್ಲಿ ಹತ್ತು ಮಂದಿಯ ಮುಂದೆ ಆಡಿದಳು. ಊರಿಗೆ ಹತ್ತು ಬಾಯಿ ಸಾಲದೇ? ಶ್ರಾವಣ ಬಂದರೂ ಮಕ್ತುಮಬಿಯ ಮಿಷನ್ನು ಅರ್ಧ ದಿನ ಸುಮ್ಮನಿರುತ್ತಿತ್ತು. ಇಪ್ಪತ್ತು ವರ್ಷದ ಹೆಸರು ಮಣ್ಣಾಯಿತಲ್ಲ ಎಂದು ಅವಳಿಗೆ ಊಟ ಸೇರುತ್ತಿರಲಿಲ್ಲ.

ಕಂಪನಿಗೆ ಹಾಕಿದ ಎರಡು ಕಾಗದಕ್ಕೂ ಉತ್ತರವಿಲ್ಲ. ಕಡೆಗೆ ಇಂಟರ್‌ನೆಟ್ ಅಂಗಡಿಯ ಶಶಿಕಾಂತ, ಗಿರಾಕಿಗಳ ಮಾತಿಗೆಂದೇ ಕಂಪನಿಯವರು ತೆರೆದಿಟ್ಟ ಪುಟದಲ್ಲಿ ಅವಳ ದೂರು ಬರೆದ. ನಾಲ್ಕನೇ ದಿನ ಬಣ್ಣದ ವಿಭಾಗದ ಮುಖ್ಯಸ್ಥನೇ ಹೆಸರು ಹಾಕಿ ಉತ್ತರಿಸಿದ್ದ: ಆ ರೀಲು ಕಳಿಸಿರಿ, ನೋಡುತ್ತೇವೆ.

"ಯಾಕ? ಸಾಕ್ಷಿ ನುಂಗಾಕೇನು?" ಎಂದಳು ಮಕ್ತುಮಬಿ.

"ಇದು ಎಲ್ಲಾರಿಗೂ ಕಾಣತೈತ್ರಿ ಅಕ್ಕಾರ. ನೋಡ್ರಿ, ಹುಬ್ಬಳ್ಳಿ ದರ್ಜಿ ಒಬ್ಬಾಂವ ನನಗೂ ಹಿಂಗ ಆತು ಅಂತ ಕೆಳಗ ಬರದಾನ."

"ಅದನ್ನೂ ನೀನ ಬರದಿರಬೇಕು."

ಆದರೂ ಅರ್ಧ ದಾರ ಬೇರೆ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿ, ಉಳಿದದ್ದನ್ನು ಕಳಿಸಿದಳು.

ಹದಿನೈದು ದಿನಕ್ಕೆ ಅದೇ ಪುಟದಲ್ಲಿ ಉತ್ತರ ಬಂತು. ತಪ್ಪು ನಮ್ಮದು, ಆ ಸಲ ತಯಾರಾದ ಕೆಂಪು ದಾರದಲ್ಲಿ ಬಣ್ಣ ನಿಂತಿಲ್ಲ, ಗಜೇಂದ್ರಗಡದ ಮಕ್ತುಮಬಿಯವರ ಕೆಲಸದಲ್ಲಿ ದೋಷವಿಲ್ಲ. ಶಶಿಕಾಂತ ಓದಿದ್ದು ಸಾಲದೆಂದು, ಪಕ್ಕದಲ್ಲಿ ಕುಳಿತಿದ್ದ ಅಪರಿಚಿತನಿಂದಲೂ ಓದಿಸಿದಳು. ಅವನೂ ಅದನ್ನೇ ಓದಿದ. ಆಗ ಅವಳ ಕಣ್ಣು ತುಂಬಿತು.

ಸುದ್ದಿ ಮುಟ್ಟಿ, ಚನ್ನವ್ವ ಮಾರನೆಯ ಸಂಜೆ ಹಿತ್ತಲ ಬಾಗಿಲಿಗೆ ಬಂದು ಮೆಲ್ಲಗೆ ಅಂದಳು, "ತಪ್ಪಾತವಾ. ಮನಸಿನ್ಯಾಗ ಇಟ್ಕೋಬ್ಯಾಡ."

"ಮಾರಿ ಕಾಣದಾಂವ ಜಗತ್ತಿನ ಮುಂದ ತಪ್ಪ ಒಪ್ಪ್ಯಾನ್ರಿ. ನೀವು ಹಿತ್ತಲ ಬಾಗಲಕ್ಕ ಬಂದೀರಿ. ನಾಳೆ ಗಿರಣಿಗೆ ಹೋಗಿ, ಆವತ್ತಿನಷ್ಟ ಗಟ್ಟಿಯಾಗಿ ಹೇಳ್ರಿ."

ಚನ್ನವ್ವ ಹೂಂ ಅಂದಳು. ಮಕ್ತುಮಬಿ ನಂಬಲಿಲ್ಲ. ಮನೆಯಲ್ಲಿ ಹಿಟ್ಟಿದ್ದರೂ ಮರುದಿನ ಒಂದು ಸೇರು ಜೋಳ ಕಟ್ಟಿಕೊಂಡು, ಗಿರಣಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಳು.